ಚಾಳಿನ ಬಾಣಂತಿ

ಕಾಲೇಜಿನ ಎದುರಿಗಿದ್ದ ನಮ್ಮ ಏಳು ಮನೆಗಳ ಚಾಳನ್ನು ಕೆಡವಿ ಹಾಸ್ಟೆಲ್ ಕಟ್ಟಬೇಕೆಂದು ಮಾಲೀಕರು ಹಟ ಹಿಡಿದರು. ನಾವು ಬಾಡಿಗೆದಾರರ ಸಂಘ ಕಟ್ಟಿ ಗೇಟಿಗೆ ಅಡ್ಡ ಕುಳಿತೆವು. ಘೋಷಣೆ ಕೂಗಿ ಗಂಟಲು ಕಟ್ಟಿದಾಗ ಮಾಲೀಕರ ತಾಯಿಯೇ ಪಾನಕ ಕಳಿಸುತ್ತಿದ್ದರು. ಆದರೂ ಒಂದು ಮುಂಜಾನೆ ಬುಲ್ಡೋಜರ್ ಬಂದೇಬಿಟ್ಟಿತು.

"ಸಾಹುಕಾರ್ರ, ಮೊದಲನೇ ಮನ್ಯಾಗ ಬಾಣಂತಿ ಅದಾಳ್ರಿ," ಎಂದರು ಸಂಘದ ಅಧ್ಯಕ್ಷೆ ನೀಲವ್ವ.

"ಯಾರ್ರಿ ಹಡದವರು?"

"ನಿಮ್ಮ ಮನಿ ಬೆಕ್ಕು. ಅಟ್ಟದ ಮ್ಯಾಲೆ ಮರಿ ಹಾಕೇದ."

ಮಾಲೀಕರು ನಕ್ಕರು. ಹಿಂದೆ ನಿಂತಿದ್ದ ಅವರ ತಾಯಿ ನಗಲಿಲ್ಲ.

"ಬಾಣಂತಿನ್ನ ಹೊರಗ ಹಾಕ್ತೀಯೇನೋ, ಖೋಡಿ?"

"ಆತು ಬಿಡವ್ವಾ. ಬಾಣಂತನ ಮುಗಿಯೂ ತನಕ ಒಂದ್ ಇಟ್ಟಂಗಿನೂ ಮುಟ್ಟೂದಿಲ್ಲ. ನಿನ್ನಾಣಿ!"

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸಿದ ಮೇಲೆಯೇ ಬಾಣಂತನ ಮುಗಿದ ಹಾಗೆ ಎಂದು ತಾಯಿ ತೀರ್ಪು ಕೊಟ್ಟರು. ನಾವು ಒಬ್ಬರಾದ ಮೇಲೆ ಒಬ್ಬರು ಹಳೆಯ ಸೀರೆ ಹಾಸಿ ಬೆಕ್ಕನ್ನು ಕರೆದೆವು. ಅದು ಯಾವ ಅವಸರವೂ ಇಲ್ಲದೆ ಒಂದೊಂದು ಮನೆಯಲ್ಲಿ ತಿಂಗಳೊಪ್ಪತ್ತು ಉಳಿಯಿತು. ಮಾಲೀಕರು ದಿನಾ ಬಂದು, "ಈಗ ಯಾವ ಮನ್ಯಾಗದ?" ಎಂದು ಕೇಳುತ್ತಿದ್ದರು. ಹೋಗುವಾಗ ಮಾತ್ರ ಮರೆಯದೆ ಒಂದು ಹಾಲಿನ ಪ್ಯಾಕೆಟ್ ಇಟ್ಟು ಹೋಗುತ್ತಿದ್ದರು.

ಬೆಕ್ಕು ಏಳನೆಯ ಮನೆಯನ್ನೂ ಬಿಟ್ಟು ಹೊರಟ ದಿನ ಬುಲ್ಡೋಜರ್ ಮತ್ತೆ ಬಂತು.

"ಬಾಣಂತನ ಮುಗೀತಲ್ರಿ, ನೀಲವ್ವಾರ?"

"ತಾಯೀದು ಮುಗೀತ್ರಿ," ಎಂದು ನೀಲವ್ವ ಮೊದಲನೆಯ ಮನೆಯ ಅಟ್ಟದ ಕಡೆ ಕೈ ತೋರಿಸಿದರು. "ನಿನ್ನೆ ಮಗಳು ಹಡದಾಳ್ರಿ."