ಹನಿ ಎಣಿಸಿದವರು

ನರ್ಸ್ ಬಂದು, "ಅಮ್ಮಾ, ಏನಾದ್ರೂ ತಿಂದ್ರಾ?" ಎಂದು ಕೇಳಿದ್ದೇ ತಡ, ಆಕೆಯ ಲೆಕ್ಕ ತಪ್ಪಿಹೋಯಿತು. ಗಂಡನ ತೋಳಿಗೆ ಇಳಿಯುವ ಔಷಧಿಯ ಒಂದೊಂದು ಹನಿಗೂ ಒಂದೊಂದು ಸಲ ದೇವರ ಹೆಸರು, ಹೀಗೆ ಸಾವಿರದೆಂಟು ಮುಗಿಸುತ್ತೇನೆಂದು ಮನಸ್ಸಿನಲ್ಲೇ ಮಾತು ಕೊಟ್ಟು, ಪಿಸುದನಿಯಲ್ಲಿ ಎಣಿಸುತ್ತಾ ಕುಳಿತಿದ್ದಳು. ಈಗ ಎಲ್ಲಿಗೆ ಬಂದಿದ್ದೆ ಎಂಬುದೇ ನೆನಪಾಗದೆ ಕಣ್ಣು ತುಂಬಿ ಬಂತು.

ಒರಗುಕುರ್ಚಿಯಲ್ಲಿ ಯಜಮಾನರು ಅರೆಗಣ್ಣು ಮಾಡಿಕೊಂಡು ಮಲಗಿದ್ದರು. ಗಡಿಯಾರ ರಿಪೇರಿಯಲ್ಲೇ ಆಯುಷ್ಯ ಸವೆಸಿದ, ಒಂದು ದಿನವೂ ದೇವರಿಗೆ ಕೈಮುಗಿಯದ ಜೀವ. ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗಲೇ, "ಇವತ್ತಿಗೆ ಸಾಕು ಕಣೇ. ಇನ್ನು ಈ ಕೀಮೋಗೆ ಕರೀಬೇಡ, ನಾನು ಬರಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿದ್ದರು.

"ಮತ್ತೆ ಒಂದರಿಂದ ಶುರು ಮಾಡ್ಬೇಕು," ಎಂದು ತನ್ನಷ್ಟಕ್ಕೇ ಗೊಣಗಿದಳು.

"ಯಾಕೆ? ನೀನು ನಿಲ್ಲಿಸಿದ್ದು ಆರುನೂರ ನಲವತ್ತೇಳಕ್ಕೆ," ಎಂದರು ಯಜಮಾನರು.

ಆಕೆ ಬೆರಗಾಗಿ ನೋಡಿದಳು. "ನಿಮಗೆ ನಿದ್ದೆ ಹತ್ತಿದೆ ಅಂದ್ಕೊಂಡಿದ್ದೆ."

"ಲೆಕ್ಕದಲ್ಲಿ ನಿನ್ನ ನಂಬ್ಕೊಂಡು ನಿದ್ದೆ ಮಾಡೋಕಾಗುತ್ತಾ?" ಅವರ ಕಣ್ಣು ಹನಿಯ ಮೇಲೆಯೇ ಇತ್ತು. "ಹೆಸರು ನೀನು ಹೇಳು, ಎಣಿಸೋದು ನನಗೆ ಬಿಡು. ಮುಂದಿನ ಸಲಾನೂ ಹಾಗೇ ಮಾಡೋಣ."