“ಕೀಮೋ ಬ್ಯಾಡ” ಅಂದಾಗ...

ರಾಣೆಬೆನ್ನೂರಿನಲ್ಲಿ ಇಂದುಮತಿ ಟೀಚರ್ ಅಂದರೆ ಖೋಖೋ. ರಿಟೈರ್ ಆದ ಮೇಲೂ ದಿನಾ ಮೈದಾನಕ್ಕೆ ಬಂದು ಹುಡುಗಿಯರನ್ನು ಓಡಿಸುತ್ತಿದ್ದರು.

ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು. ಒಂದು ದಿನ ಮತ್ತೆ ರಕ್ತ ಕಾಣಿಸಿತು... ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ.

ತಂಗಿ ಶಕುಂತಲಾಗೆ ಗೊತ್ತಾಗಿದ್ದೇ ತಡ, ಬೈಯುತ್ತಲೇ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಗರ್ಭಕೋಶದ ಒಳಪದರದ ಕ್ಯಾನ್ಸರ್!

ಆರಂಭದ ಹಂತವೇ. ಆಪರೇಷನ್ನೂ ಚೆನ್ನಾಗಿ ಆಯಿತು. ಆದರೆ ಮೈಕ್ರೋಸ್ಕೋಪಿನಲ್ಲಿ ಆ ಗಡ್ಡೆ ತುಂಬಾ ಉಗ್ರವಾಗಿ ಕಂಡಿತು...

“ಕೀಮೋ, ರೇಡಿಯೇಷನ್ ಬೇಕಾಗಬಹುದ್ರಿ ಟೀಚರ್. ಅದಕ್ಕೂ ಮೊದ್ಲ ಗಡ್ಡೀದು ಜೀನ್ ಟೆಸ್ಟ್ ಮಾಡಸೋಣ. ನೋಡಾಕ ಒಂದಾ ಥರ ಇದ್ರೂ ಎಲ್ಲಾ ಗಡ್ಡೀ ಗುಣ ಒಂದಾ ಇರಂಗಿಲ್ಲ” ಅಂದರು ಡಾ. ರೆಹಾನಾ.

ಟೀಚರ್ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಹುಡುಗಿಯರು ಬಾಗಿಲಿಗೆ ಬಂದರೆ, “ಬ್ಯಾರೆ ಕೋಚ್ ನೋಡ್ಕೋರಿ ಅಂತ ಹೇಳವಾ” ಎಂದು ತಂಗಿಯನ್ನು ಕಳಿಸುತ್ತಿದ್ದರು.

ರಿಪೋರ್ಟ್ ಬಂದ ದಿನ...

“ಕೀಮೋ ಬ್ಯಾಡ್ರಿ. ರೇಡಿಯೇಷನ್ನೂ ಬ್ಯಾಡ” ಅಂದರು ಡಾಕ್ಟರ್.

ಟೀಚರ್ ಮುಖ ಬಿಳಿಚಿಕೊಂಡಿತು.

“ಅಂದ್ರ... ಇನ್ನ ಕೊಟ್ಟೂ ಉಪಯೋಗ ಇಲ್ಲೇನ್ರಿ?”

ಶಕುಂತಲಾ ಜೋರಾಗಿ ಅತ್ತೇಬಿಟ್ಟರು.

ಡಾಕ್ಟರ್ ಗಾಬರಿಯಿಂದ ಎದ್ದು ಬಂದು ಟೀಚರ್ ಕೈ ಹಿಡಿದುಕೊಂಡರು.

“ಅಯ್ಯ, ಉಲ್ಟಾ ತಿಳ್ಕೊಂಡ್ರಲ್ರಿ! ನಿಮ್ಮ ಗಡ್ಡ್ಯಾಗ ಒಂದು ಜೀನ್ ಬದಲಾಗೈತಿ. ಇಂಥಾವು ನೋಡಾಕಷ್ಟ ಉಗ್ರ, ತಿರುಗಿ ಬರೋದು ಭಾಳ ಅಪರೂಪ. ನಿಮಗ ಆಪರೇಷನ್ನ ಸಾಕು. ಚೆಕಪ್ಪಿಗೆ ಬರೋದು ಮಾತ್ರ ತಪ್ಪಸಬ್ಯಾಡ್ರಿ.”

ಟೀಚರ್ ಡಾಕ್ಟರ್ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು...

“ಇನ್ನೊಂದ್ಸಲ ಹೇಳ್ರಿ” ಅಂದರು.

ಡಾಕ್ಟರ್ ಮತ್ತೆ ಹೇಳಿದರು. ಅಕ್ಕ ತಂಗಿ ತಬ್ಬಿಕೊಂಡು ಅಳುತ್ತಾ ನಕ್ಕರು... ನಗುತ್ತಾ ಅತ್ತರು. ಹೊರಗೆ ಕಾಯುತ್ತಿದ್ದವರು ಏನಾಯಿತೆಂದು ಇಣುಕಿ ನೋಡಿದರು!

“ನಾ ಓಡಬಹುದೇನ್ರಿ?”

“ಗಾಯ ಪೂರ್ತಿ ಮಾಯಲಿ, ಆಮ್ಯಾಲ ಓಡ್ರಿ. ಅಲ್ಲೀತನ ಓಡಸ್ರಿ!”

ಅವತ್ತು ಸಂಜೆ ಟೀಚರ್ ಬಸ್ ಇಳಿದು ಸೀದಾ ಮೈದಾನಕ್ಕೆ ಹೋದರು. ಹುಡುಗಿಯರು ಕಿರುಚುತ್ತಾ ಓಡಿ ಬಂದು ಸುತ್ತುವರಿದರು. ಎಲ್ಲರನ್ನೂ ಕೂರಿಸಿ ಟೀಚರ್ ಹೇಳಿದರು...

“ಮುಟ್ಟು ನಿಂತ ಮ್ಯಾಲ ರಕ್ತ ಕಂಡ್ರ ಮುಚ್ಚಿಡಬ್ಯಾಡ್ರಿ, ಡಾಕ್ಟರ್ ಕಡೆ ಹೋಗ್ರಿ ಅಂತ ನಿಮ್ಮ ಅವ್ವಾರಿಗೆ ಹೇಳ್ರಿ. ನಾ ಮುಚ್ಚಿಟ್ಟಿದ್ದೆ. ನನ್ನ ತಂಗಿ ನನ್ನ ಉಳಿಸಿದ್ಲು.”

ಆಮೇಲೆ ಕಣ್ಣು ಒರೆಸಿಕೊಂಡು, “ಏನ್ ನೋಡ್ತೀರಿ? ಏಳ್ರಿ, ಓಡ್ರಿ!” ಎಂದರು.

*ಕಾಯಿಲೆಯ ಹೆಸರು ಕೇಳಿಯೇ ಸೋಲಬೇಡಿ... ಅದರ ಗುಣ ಏನೆಂದು ಮೊದಲು ತಿಳಿದುಕೊಳ್ಳಿ.*

ನಿಮ್ಮ ಅಮ್ಮ, ಅಕ್ಕ, ಅತ್ತೆ ಏನನ್ನಾದರೂ ನಾಚಿಕೆಯಿಂದ ಮುಚ್ಚಿಟ್ಟುಕೊಂಡಿದ್ದಾರಾ... ಇವತ್ತು ಪಕ್ಕದಲ್ಲಿ ಕೂತು ಒಮ್ಮೆ ಕೇಳುತ್ತೀರಾ?