ಎರಡು ಗಂಟೆಯ ನಾಡಿ

ಚಾರ್ಟಿನಲ್ಲಿ ಎರಡು ಗಂಟೆಯ ಕಾಲಂ ತುಂಬಿಸುವಾಗ ಗೋಡೆ ಗಡಿಯಾರದಲ್ಲಿ ಇನ್ನೂ ಒಂದೂ ಹತ್ತು. ಸಿಸ್ಟರ್ ನೇತ್ರಾವತಿ ಹನ್ನೆರಡು ಮಂಚಗಳಿಗೂ ಒಂದು ಸುತ್ತು ಹಾಕುತ್ತಾ, ಬೆಳಗಿನ ಅಂಕಿಯ ಪಕ್ಕಕ್ಕೆ ಹೆಚ್ಚೂಕಮ್ಮಿ ಅಂಥದ್ದೇ ಇನ್ನೊಂದನ್ನು ಬರೆಯುತ್ತಿದ್ದಳು. ಬಿ.ಪಿ. ನೂರಿಪ್ಪತ್ತು ಎಂಬತ್ತು, ನಾಡಿ ಎಪ್ಪತ್ತೆಂಟು. ಯಾರ ಕೈಯನ್ನೂ ಮುಟ್ಟಲಿಲ್ಲ. ಅವಳಿಗೆ ಅದು ಕಳ್ಳತನ ಅನ್ನಿಸಿಯೇ ಇರಲಿಲ್ಲ, ಆ ವಾರ್ಡಿನ ಪದ್ಧತಿ ಅದು. ತುಮಕೂರಿನ ಆ ಆಸ್ಪತ್ರೆಗೆ ಅವಳು ಸೇರಿ ಇಪ್ಪತ್ತೆರಡು ವರ್ಷ. ಬೆಳಗಿನ ಪಾಳಿಯವರು ಹೀಗೇ ಬರೆದಿಟ್ಟು, ಎರಡಕ್ಕೆ ಸರಿಯಾಗಿ ಕೈ ತೊಳೆದುಕೊಂಡು ಹೊರಡುತ್ತಿದ್ದರು. ಹೆಬ್ಬೂರಿನ ಆಚೆಯ ಅವಳ ಊರಿಗೆ ಬಸ್ಸು ಎರಡೂ ಇಪ್ಪತ್ತಕ್ಕೆ. ಅದು ತಪ್ಪಿದರೆ ಐದರ ತನಕ ಬಸ್‌ಸ್ಟ್ಯಾಂಡೇ ಗತಿ.

ಮೂರು ವಾರದಿಂದ ಆ ಬಸ್ಸು ತಪ್ಪುತ್ತಲೇ ಇತ್ತು. ಕಾರಣ, ಮಧ್ಯಾಹ್ನದ ಪಾಳಿಗೆ ಬಂದ ಹೊಸ ಸಿಸ್ಟರ್ ಪಲ್ಲವಿ. ಗುಬ್ಬಿಯ ಹುಡುಗಿ, ಮುಖದ ಮೇಲೆ ನಗು ಅನ್ನೋದೇ ಇಲ್ಲ. ಇನ್ನೊಬ್ಬರು ಬರೆದದ್ದನ್ನು ನಂಬುವ ಜಾಯಮಾನವೇ ಅಲ್ಲ. ಒಬ್ಬೊಬ್ಬ ರೋಗಿಯ ಕೈ ಹಿಡಿದು, ವಾಚು ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದ ಮೇಲೇ ಚಾರ್ಜ್ ತೆಗೆದುಕೊಳ್ಳುವುದು. ಅಲ್ಲಿಯವರೆಗೆ ಬೆಳಗಿನವರು ಗೂಟಕ್ಕೆ ಕಟ್ಟಿದ ಮೇಕೆಯ ಹಾಗೆ ನಿಂತಿರಬೇಕು. ಮೊನ್ನೆಯಂತೂ ರೋಗಿಗಳ ಮುಂದೆಯೇ, "ಅಕ್ಕ, ಹನ್ನೆರಡು ಜನಕ್ಕೂ ಒಂದೇ ಬಿ.ಪಿ. ಇರೋಕೆ ಇವರೇನು ಒಂದೇ ತಾಯಿ ಮಕ್ಕಳಾ?" ಅಂದುಬಿಟ್ಟಿದ್ದಳು. "ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಎಷ್ಟ್ ದಿನ ಒಗೀತಾಳೋ ನೋಡಾಣ ಬುಡ್ರೇ" ಅಂತ ನೇತ್ರಾವತಿ ಉಳಿದ ಸಿಸ್ಟರುಗಳನ್ನು ನಗಿಸಿದ್ದಳು. ನಿನ್ನೆ ಮೇಲಿನವರ ಹತ್ತಿರ ಹೋಗಿ, ಅವಳ ಪಾಳಿಯನ್ನಾದರೂ ಬದಲಾಯಿಸಿ, ನನ್ನದನ್ನಾದರೂ ಬದಲಾಯಿಸಿ ಎಂದು ಹೇಳಿಯೂ ಬಂದಿದ್ದಳು.

ಏಳನೇ ಮಂಚದ ಹತ್ತಿರ ಬಂದಾಗ ಗಂಗಹನುಮಯ್ಯ ಎದ್ದು ನಿಂತ. ಹುತ್ರಿದುರ್ಗದ ಕಡೆಯವನು, ಕೆಮ್ಮು ದಮ್ಮು ಎಂದು ತಾಯಿ ಕಲ್ಲಮ್ಮನನ್ನು ಸೇರಿಸಿ ನಾಲ್ಕು ದಿನವಾಗಿತ್ತು. ಮುದುಕಿ ಗೋಡೆ ಕಡೆ ಮುಖ ಮಾಡಿ ಹೊದ್ದು ಮಲಗಿದ್ದಳು.

"ಸಿಸ್ಟ್ರೇ, ಅವ್ವ ಯಾಕೋ ಮಾತೇ ಆಡ್ತಿಲ್ಲ. ಒಸಿ ನೋಡ್ತೀರಾ?"

ನೇತ್ರಾವತಿ ಬರೆಯುವುದನ್ನು ನಿಲ್ಲಿಸಲಿಲ್ಲ. "ರಾತ್ರಿಯೆಲ್ಲ ಕೆಮ್ಮಿದಾರೆ, ಈಗ ನಿದ್ದೆ ಹತ್ತಿದೆ. ಮಲಗ್ಲಿ ಬಿಡಿ ಅಣ್ಣ. ಅಷ್ಟ್ರಲ್ಲಿ ನೀವು ಊಟ ಮಾಡ್ಕೊಂಡು ಬನ್ನಿ."

ಬೆಳಗಿನಿಂದ ಬಾಯಿಗೆ ಏನೂ ಹಾಕಿರದ ಅವನು ಹೊರಗೆ ಹೋದ.

ಎರಡಕ್ಕೆ ಪಲ್ಲವಿ ಬಂದು ಒಂದನೇ ಮಂಚದಿಂದ ಶುರು ಮಾಡಿದಳು. ನೇತ್ರಾವತಿ ಬ್ಯಾಗನ್ನು ಹೆಗಲಿಗೇರಿಸಿಕೊಂಡು ಹಿಂದೆ ಹಿಂದೆ ನಡೆದಳು. ಏಳನೆಯದರಲ್ಲಿ ಪಲ್ಲವಿ ಹೊದಿಕೆ ಸರಿಸಿ ಕೈ ಹಿಡಿದಳು. ಹಿಡಿದವಳು ವಾಚು ನೋಡಲಿಲ್ಲ. ಕತ್ತಿಗೆ ಬೆರಳಿಟ್ಟಳು, ಆಮೇಲೆ ಡಾಕ್ಟರನ್ನು ಕೂಗಿದಳು. ಡ್ಯೂಟಿ ಡಾಕ್ಟರು ಓಡಿ ಬಂದು ಎದೆಗೆ ಸ್ಟೆತ್ ಇಟ್ಟು, ಕಣ್ಣಿಗೆ ಟಾರ್ಚು ಬಿಟ್ಟು, "ಮುಗಿದಿದೆ. ಮನೆಯವರನ್ನ ಕರೀರಿ" ಎಂದು ಕಾಗದ ತರಲು ಹೋದರು.

"ಮೈ ತಣ್ಣಗಾಗಿದೆ ಅಕ್ಕ. ಈಗ ಹೋಗಿರೋದಲ್ಲ," ಪಲ್ಲವಿ ಮೆಲ್ಲಗೆ ಹೇಳಿದಳು. ಚಾರ್ಟನ್ನು ನೇತ್ರಾವತಿಯ ಮುಂದೆ ಹಿಡಿದಳು. "ಎರಡು ಗಂಟೆಗೆ ನಾಡಿ ಎಪ್ಪತ್ತೆಂಟು ಅಂತ ಬರ್ದಿದೀರ."

ನೇತ್ರಾವತಿಗೆ ಕೆಲಸ ಹೋಯಿತು ಎನ್ನುವ ಭಯ ಮೊದಲು ಬಂತು. ಅದರ ಬೆನ್ನಿಗೇ, ಮಗ ಕರೆದಾಗ ಆ ಕೈ ಮುಟ್ಟಿ ನೋಡಿದ್ದರೆ ಮುದುಕಿ ಉಳಿಯುತ್ತಿದ್ದಳೇನೋ ಎನ್ನುವ ಯೋಚನೆ ಬಂದು, ತನ್ನ ಕೆಲಸದ ಚಿಂತೆ ಮೊದಲು ಬಂದದ್ದಕ್ಕೇ ನಾಚಿಕೆಯಾಯಿತು.

"ಹೊಡೆದುಹಾಕಮ್ಮ ಅದನ್ನ."

"ನಾನು ಮುಟ್ಟಲ್ಲ ಅಕ್ಕ. ಬರೆದೋರು ನೀವು," ಎಂದು ಪಲ್ಲವಿ ಚಾರ್ಟನ್ನು ಮಂಚದ ಮೇಲಿಟ್ಟಳು.

ಅಷ್ಟರಲ್ಲಿ ಗಂಗಹನುಮಯ್ಯ ಬಂದ. ಅವ್ವ ಹೋದದ್ದನ್ನು ಪಲ್ಲವಿಯೇ ಹೇಳಿದಳು. ಅವ್ವನಿಗೆಂದು ತಂದ ಎಳನೀರನ್ನು ಕೆಳಗಿಟ್ಟು, ಅವಳ ಪಾದ ಹಿಡಿದುಕೊಂಡು ಕೂತ. ಅತ್ತದ್ದು ಯಾರಿಗೂ ಕೇಳಿಸಲಿಲ್ಲ. ನಾಲ್ಕು ದಿನದಿಂದ ಆ ಚಾರ್ಟು ಓದುವುದು ಅವನಿಗೆ ರೂಢಿಯಾಗಿತ್ತು. ಈಗಲೂ ಎಳೆದುಕೊಂಡು, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದ.

"ಎರಡು ಗಂಟೆಗಂಟ ಇದ್ಲು ಅವ್ವ. ನಾನು ಉಣ್ತಾ ಕೂತಿದ್ದಾಗ ಒಬ್ಬಳೇ ಹೋಗ್ಲಿಲ್ಲ."

ಎದ್ದು ಬಂದು ನೇತ್ರಾವತಿಯ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ. "ನಾನಿಲ್ದಿದ್ರೂ ಕೊನೇ ಗಳಿಗೇಲಿ ನೀವು ಕೈ ಹಿಡ್ಕೊಂಡಿದ್ರಲ್ಲ ತಾಯಿ. ಅಷ್ಟು ಸಾಕು ನಂಗೆ."

ನೇತ್ರಾವತಿ ಪಲ್ಲವಿಯ ಕಡೆ ನೋಡಿದಳು. ಇಷ್ಟು ದಿನ ಇವಳ ಬಾಯಿಗೆ ಬೀಗ ಬೀಳಲಿ ಅಂದುಕೊಂಡವಳು, ಈಗ ಇವಳೇ ಒಂದು ಮಾತು ಹೇಳಿಬಿಡಲಿ ಎಂದು ಕಾದಳು. ಪಲ್ಲವಿ ಹೇಳಲಿಲ್ಲ. ತಾನೂ ಸುಮ್ಮನಿದ್ದುಬಿಟ್ಟರೆ ಕೆಲಸವೂ ಉಳಿಯುತ್ತಿತ್ತು, ಈ ಮನುಷ್ಯನ ಸಮಾಧಾನವೂ ಉಳಿಯುತ್ತಿತ್ತು.

"ಹಿಡಿದಿರ್ಲಿಲ್ಲ ಅಣ್ಣ," ಅಂದಳು ನೇತ್ರಾವತಿ. "ನಾನು ಅವ್ವನ ಕೈ ಹಿಡಿದೇ ಇರ್ಲಿಲ್ಲ."

ಗಂಗಹನುಮಯ್ಯನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅಲ್ಲಿಯವರೆಗೂ ಅವನು ಅವಳ ಕೈ ಬಿಡಲಿಲ್ಲ.